ಇನ್ನೆರಡು ಬುಟ್ಟಿ ಮಣ್ಣು

ಬಾಲಗಾಂವ
14-2-1999

ಶಮಾ ಆಪಾಗೆ ಸೈಫನ ಸಲಾಮ್.

ಎಲ್ಲರೂ ಆರಾಮ ಇದ್ದೇವೆ ಎಂದು ಬರೆಯಲು ಅಮ್ಮಾ ಹೇಳಿದ್ದಾಳೆ. ಆದರೆ ಎಲ್ಲರೂ ಆರಾಮ ಇಲ್ಲ. ಅಬ್ಬಾ ನನ್ನ ಸಂಗಡ ಮಾತು ಬಿಟ್ಟು ಇಪ್ಪತ್ತು ದಿನವಾಯಿತು. ನಾನು ಸಾಲಿ ಬಿಟ್ಟಿದ್ದೇನೆ.

ಚಾಚಣಿ ಪರೀಕ್ಷೆಯಲ್ಲಿ ಗಣಿತಕ್ಕೆ ನನಗೆ ಎಪ್ಪತ್ತೊಂದು ಬಂತು. ಅದರಲ್ಲಿ ಐವತ್ತು ನನ್ನವಲ್ಲ, ಮುಂದಿನ ಬೆಂಚಿನ ಮಹಾಂತನವು. ನಮ್ಮ ಲಗಮಣ್ಣ ಕಾಕಾನ ಮಗ, ನಿನಗೆ ಗೊತ್ತಲ್ಲ. ಗುರುಗಳು ಎಲ್ಲರೆದುರು ನನ್ನನ್ನು ಹೊಗಳಿದಾಗ ತಡೆಯಲಾಗಲಿಲ್ಲ. ಎದ್ದು ನಿಂತು ಹೇಳಿಬಿಟ್ಟೆ. ನಕಲು ಮಾಡಿದವನಿಗೂ ತೋರಿಸಿದವನಿಗೂ ಸೊನ್ನೆ ಬಂತು. ಮಹಾಂತ ಈಗ ನನ್ನನ್ನು ಕಂಡರೆ ದಾರಿ ಬಿಟ್ಟು ನಡೆಯುತ್ತಾನೆ. ಉಳಿದ ಹುಡುಗರು "ಬಂದ್ರಪಾ ಖರೇ ಸಾಹೇಬ್ರು, ಕುರ್ಚಿ ಹಾಕ್ರಿ" ಎನ್ನುತ್ತಾರೆ. ಒಂಬತ್ತನೇ ಇಯತ್ತೆ ಸಾಕು.

ಡಬ್ಬಿಯಲ್ಲಿ ಮೆಂತ್ಯ ಹಾಕಿದ್ದೇನೆ ಎಂದು ಬರೆದಿದ್ದೆಯಲ್ಲ, ಅಮ್ಮಾ ಅದನ್ನು ಮೂರು ಸಲ ಓದಿಸಿದಳು. "ಡಬ್ಬ್ಯಾಗ ಹೆಂಗ ಬೆಳೀತದೋ? ಪಾಪ, ಅದಕ್ಕರೆ ಕಾಲ ಚಾಚಾಕ ಜಾಗಾ ಬ್ಯಾಡೇನು?" ಎಂದಳು. ನೀನಿರುವ ಜಾಗ ಎಂಥದು? ಸರಿಯಾಗಿ ಬರೆ. ಚಂದ ಮಾಡಿ ಬರೆಯಬೇಡ.

ಸೈಫ


ಪುಣೆ
7-3-1999

ಸೈಫ,

ನಿನ್ನ ಪತ್ರ ಓದಿ ಮೊದಲು ನಕ್ಕೆ, ಆಮೇಲೆ ನಗು ಬರಲಿಲ್ಲ. ನೀನು ಸುಳ್ಳು ಹೇಳುವುದು ಬೇಡವಾಗಿತ್ತು, ಸುಮ್ಮನೆ ಕುಳಿತಿದ್ದರೆ ಆಗುತ್ತಿತ್ತು. ಸುಮ್ಮನಿರುವುದೂ ಸುಳ್ಳೇ ಎನ್ನುತ್ತೀಯೇನೋ. ಅಬ್ಬಾನ ಕಾಲು ಹಿಡಿದು ಮತ್ತೆ ಸಾಲಿಗೆ ಹೋಗು.

ಚಂದ ಮಾಡದೆ ಬರೆಯುತ್ತೇನೆ. ಹಳೆಯ ಕಟ್ಟಡ. ಕಟ್ಟಿಗೆಯ ಮೆಟ್ಟಿಲು ಹತ್ತಿದರೆ ನಮ್ಮ ಒಂದೇ ಖೋಲಿ. ಅದರ ಮುಂದೆ ಬಯಲು ತಾರಸಿ, ಇಲ್ಲಿಯವರು ಗಚ್ಚಿ ಎನ್ನುತ್ತಾರೆ. ನಮ್ಮ ಎರಡು ಗಾದಿ ಹಾಸುವಷ್ಟು ಅಗಲ, ಮೂರು ಗಾದಿಯಷ್ಟು ಉದ್ದ. ಇವರು ಹಗಲೆಲ್ಲ ಮಂದಿಯ ಗಾದಿ ಹೊಲಿಯುತ್ತಾರಲ್ಲ, ನನಗೂ ಗಾದಿಯ ಅಳತೆಯೇ ಬಾಯಿಗೆ ಬರುತ್ತದೆ. ಗಚ್ಚಿಯ ಕೆಳಗಿನ ಖೋಲಿಯಲ್ಲಿ ಇಂದುಬಾಯಿ ಎಂಬ ಮುದುಕಿ ಒಬ್ಬರೇ ಇದ್ದಾರೆ. ಮಗ ನಾಸಿಕದಲ್ಲಿ, ದೀಪಾವಳಿಗೆ ಮಾತ್ರ ಬರುತ್ತಾನೆ. ನಮ್ಮ ಹೆಸರು ಕೇಳಿ ಹನ್ನೊಂದು ಕಡೆ ಖೋಲಿ ಇಲ್ಲ ಎಂದಿದ್ದರು. ಇಲ್ಲಿ ಮಾಲಕ ತಲೆ ಕೆರೆಯುತ್ತ ನಿಂತಾಗ ಇಂದುಬಾಯಿಯೇ ಹೊರಗೆ ಬಂದು, "ಹುಡುಗಿ ಮಾರಿ ನೋಡಿದ್ರ ತಿಳೀತದ, ಇರಲಿ ಬಿಡ್ರಿ, ನಂಗೂ ಮ್ಯಾಲ ಸಪ್ಪಳ ಬೇಕು" ಎಂದರು. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆದಿದ್ದೇನೆ.

ಎಣ್ಣೆ ಡಬ್ಬಿ ಏಳು, ಒಡೆದ ಬಕೀಟು ಒಂದು. ಮೆಂತ್ಯ ಒಂದು ಗೇಣೂ ಏಳದೆ ಹಳದಿಯಾಯಿತು. ಮಧ್ಯಾಹ್ನ ಡಬ್ಬಿ ಮುಟ್ಟಿದರೆ ಕೈ ಸುಡುತ್ತದೆ. ಮೆಣಸಿನ ಗಿಡದ ಬೇರು ತಳ ಮುಟ್ಟಿ ಸುತ್ತಿಕೊಂಡಿವೆ. ಇಡೀ ದಿನ ಇಲ್ಲಿ ನನ್ನ ಕೈಗೆ ಕೆಲಸವಿಲ್ಲ ಸೈಫ. ಊರಲ್ಲಿ ಕೆಲಸ ಬೇಡವಾಗಿತ್ತು, ಇಲ್ಲಿ ಕೈ ನೋಡಿಕೊಂಡು ಕೂರುತ್ತೇನೆ. ಏನು ಮಾಡಿದರೆ ಬೆಳೆದಾವು, ಅಮ್ಮಾನಿಗೆ ಕೇಳು.

ಶಮಾ


ಬಾಲಗಾಂವ
21-3-1999

ಆಪಾ,

ಡಬ್ಬಿ ಎಲ್ಲ ಒಗೆದುಬಿಡು.

ನಿನ್ನ ಪತ್ರ ಓದುವಾಗ ನಾನು ನಮ್ಮ ಮಾಳಿಗೆಯ ಮೇಲೇ ಕುಳಿತಿದ್ದೆ. ಕೆಳಗೆ ಅಬ್ಬಾ ಇದ್ದರೆ ನಾನು ಮೇಲೆ ಇರುತ್ತೇನೆ. ಕುಳಿತಲ್ಲೇ ಹೊಳೆಯಿತು. ನಾನು ಕುಳಿತದ್ದು ಮಣ್ಣಿನ ಮೇಲಲ್ಲವೇ! ಅಜ್ಜನ ಕಾಲದಿಂದ ಮಾಳಿಗೆಯ ಮೇಲೆ ಗೇಣು ಮಣ್ಣು ಬಿದ್ದಿದೆ. ಆಡು ಕುಣಿಯುತ್ತವೆ, ಮೆಣಸಿನಕಾಯಿ ಒಣಗುತ್ತದೆ, ಮಳೆ ಬಂದರೆ ತಾನೇ ಹುಲ್ಲು ಹುಟ್ಟುತ್ತದೆ. ಒಂದು ತೊಲೆಯೂ ಬಾಗಿಲ್ಲ. ನಿನ್ನ ಗಚ್ಚಿ ಸಿಮೆಂಟಿನದು, ನಮ್ಮದಕ್ಕಿಂತ ಹತ್ತು ಪಟ್ಟು ಗಟ್ಟಿ. ಸುತ್ತ ಇಟ್ಟಿಗೆ ಇಟ್ಟು, ಇಡೀ ಗಚ್ಚಿಗೆ ಗೇಣು ಮಣ್ಣು ಹಾಸು. ಅದು ಹೊಲವೇ ಆಗುತ್ತದೆ.

ನನ್ನ ಮಾತಷ್ಟೇ ಬೇಡವೆಂದು ಶಿದ್ರಾಯ ಮುತ್ಯಾನನ್ನೂ ಕೇಳಿದೆ. ಊರಿನ ಅರ್ಧ ಮಾಳಿಗೆಗಳಿಗೆ ಮಣ್ಣು ಹಾಕಿದವನು ಅವನೇ ಅಲ್ಲವೇ. "ಮಣ್ಣಿಂದ ಮಾಳಗಿ ಕೆಟ್ಟದ್ದ ನಾ ಕಂಡಿಲ್ಲಪಾ, ಮಣ್ಣ ಇಲ್ಲದ ಕೆಟ್ಟದ್ದ ಕಂಡೀನಿ" ಎಂದ. ಹೀರಿ, ಚವಳಿ, ರಾಜಗಿರಿ, ಪುಂಡಿ ಬೀಜ ಬೂದಿಯಲ್ಲಿ ಕಲಸಿ ಅಮ್ಮಾ ಕಟ್ಟಿಕೊಟ್ಟಿದ್ದಾಳೆ. ಪುಣೆಗೆ ದಾಳಿಂಬೆ ಒಯ್ಯುವ ಟ್ರಕ್ಕಿನವನ ಕೈಯಲ್ಲಿ ಕಳಿಸುತ್ತೇನೆ.

ಸಾಲಿಗೆ ಹೋಗುವುದಿಲ್ಲ. ಅದನ್ನು ಮತ್ತೆ ಬರೆಯಬೇಡ.

ಸೈಫ


ಪುಣೆ
20-6-1999

ಸೈಫ,

ಇಷ್ಟು ದಿನ ಬರೆಯಲಿಲ್ಲ, ಕೈ ಬಿಡುವಿರಲಿಲ್ಲ. ನೋಡು, ಇಂಥ ಮಾತು ಬರೆಯುವ ದಿನವೂ ಬಂತು!

ನೀನು ಹೇಳಿದಂತೆಯೇ ಮಾಡಿದೆವು. ಹತ್ತಿರದಲ್ಲಿ ಯಾರೋ ಮನೆಗೆ ಪಾಯ ತೆಗೆಯುತ್ತಿದ್ದರು. ಇವರು ಕೆಲಸ ಬಿಟ್ಟು ಬರುವಾಗ ದಿನಾ ಎರಡು ಚೀಲ ಮಣ್ಣು ಸೈಕಲ್ಲಿಗೆ ಕಟ್ಟಿ ತಂದರು. ಒಂದೂವರೆ ತಿಂಗಳು. "ಊರಾಗ ಹೊಲಾ ಬಿಟ್ಟು ಬಂದೆ, ನಿನ್ನ ತಮ್ಮ ಇಲ್ಲಿ ಹೊಲಾ ಹೊರಿಸಾಕತ್ತಾನ" ಎಂದು ಬೈಯುತ್ತಲೇ ತಂದರು. ಈಗ ಬಂದು ನೋಡಬೇಕು. ರಾಜಗಿರಿ ಕಿತ್ತಷ್ಟೂ ಬರುತ್ತದೆ. ಹೀರಿ ಬಳ್ಳಿ ಬಟ್ಟೆ ಒಣಗಿಸುವ ತಂತಿಗೆ ಹಬ್ಬಿ, ಒಗೆದ ಬಟ್ಟೆ ಹಾಕಲು ಜಾಗವಿಲ್ಲ. ಬೆಳಿಗ್ಗೆ ಬರಿಗಾಲಲ್ಲಿ ಅದರ ಮೇಲೆ ನಿಂತರೆ ಎಲ್ಲಿದ್ದೇನೆ ಎಂಬುದೇ ಮರೆಯುತ್ತದೆ.

ಇಂದುಬಾಯಿಗೆ ಮಂಡಿನೋವು, ಮೇಲೆ ಹತ್ತಲಾರರು. ದಿನ ಬಿಟ್ಟು ದಿನ ಪಲ್ಯ ಕೊಡುತ್ತೇನೆ. "ಎಷ್ಟ ಡಬ್ಬಿ ಇಟ್ಟೀ ಪೋರಿ? ಪೂರಾ ಪ್ಯಾಟಿ ಮಾಡ್ತಿ ಏನು?" ಎನ್ನುತ್ತಾರೆ. ನಾನು ನಗುತ್ತೇನೆ, ಅಷ್ಟೇ. ಮಾಲಕನ ಕಿವಿಗೆ ಬಿದ್ದೀತೆಂದು ಮಣ್ಣಿನ ಮಾತು ಎತ್ತಿಲ್ಲ.

ಒಂದು ಮಾತು ಕೇಳಬೇಕು. ಹತ್ತು ದಿನದಿಂದ ಇಲ್ಲಿ ಮಳೆ ನಿಂತಿಲ್ಲ. ಇಂದುಬಾಯಿಯ ಖೋಲಿಯ ಚಾವಣಿಯಲ್ಲಿ ಒಂದು ಕಡೆ ಒದ್ದೆ ಕಲೆ ಕಾಣಿಸಿದೆ. ನಿನ್ನೆಯಿಂದ ಹನಿ ಬೀಳುತ್ತಿದೆ, ಅವರು ಕೆಳಗೆ ಪಾತೇಲಿ ಇಟ್ಟಿದ್ದಾರೆ. ಮಣ್ಣು ತೆಗೆಯಲೇ? ಗಿಡ ಈಗ ಹೂವಿಗೆ ಬಂದಿವೆ. ಲಗೂನ ಬರೆ.

ಶಮಾ


ಬಾಲಗಾಂವ
28-6-1999

ಆಪಾ,

ಪತ್ರ ಇವತ್ತು ಬಂತು, ಇವತ್ತೇ ಬರೆಯುತ್ತಿದ್ದೇನೆ. ಏನೂ ತೆಗೆಯಬೇಡ. ಮಾಳಿಗೆ ಸೋರಿದರೆ ನಾವು ಏನು ಮಾಡುತ್ತೇವೆ? ಮಣ್ಣು ತೆಗೆಯುತ್ತೇವೆಯೇ? ಮುತ್ಯಾನ ಮನೆಗೆ ಹೋಗಿ ಬಂದೆ. "ಎಲ್ಲಿ ಸೋರ್ತದ, ಅಲ್ಲಿ ಇನ್ನೆರಡು ಬುಟ್ಟಿ ಹಾಕಿ ಚಲೋ ತುಳೀರಿ. ಮಣ್ಣ ಕುಂತಿರಾಕಿಲ್ಲ, ಅದಕ್ಕ ಸೋರ್ತದ" ಎಂದ. ನಾವು ಹೋದ ವರ್ಷ ಅಡಿಗೆ ಮನೆಯ ಮೇಲೆ ಹಾಗೇ ಮಾಡಿದೆವಲ್ಲ, ಆಮೇಲೆ ಸೋರಿತೇ? ಎರಡು ಬುಟ್ಟಿ ಹಾಕು, ಗಿಡ ತಪ್ಪಿಸಿ ತುಳಿ.

ನಾನು ಜತ್ತದಲ್ಲಿ ಒಂದು ಹೊಟೇಲಿಗೆ ಕೆಲಸಕ್ಕೆ ಸೇರಿದ್ದೆ. ಮೂರು ದಿನ. ಒಬ್ಬ ಗಿರಾಕಿ "ಹಾಲು ಚಲೋ ಅದ ಏನೋ?" ಎಂದು ಕೇಳಿದ. "ಅರ್ಧ ನೀರ ಅದರಿ" ಎಂದೆ. ಕೇಳಿದ್ದಕ್ಕೆ ಹೇಳಿದೆ. ಮಾಲಕ ನನ್ನ ಅಂಗಿಯನ್ನು ರಸ್ತೆಗೆ ಒಗೆದು, "ಹೋಗಪಾ, ಮಸೂತ್ಯಾಗ ಕುಂದ್ರು" ಎಂದ. ಅಬ್ಬಾ ಐದು ತಿಂಗಳಲ್ಲಿ ಮೊದಲ ಸಲ ನಕ್ಕ. ಆದರೆ ಮಾತಾಡಲಿಲ್ಲ.

ಸೈಫ


ಬಾಲಗಾಂವ
25-7-1999

ಆಪಾ,

ಎರಡು ಪತ್ರ ಹಾಕಿದೆ, ಉತ್ತರವಿಲ್ಲ. ಸೋರುವುದು ನಿಂತಿತೇ? ಹೀರಿಕಾಯಿ ಎಷ್ಟು ಉದ್ದ ಬಂದವು? ಇಲ್ಲಿ ನಿನ್ನ ಗಚ್ಚಿಯಷ್ಟೂ ಹಸಿರಿಲ್ಲ. ಅಮ್ಮಾ ಬಂದವರಿಗೆಲ್ಲ "ನಮ್ಮ ಶಮಾ ಪುಣಾದಾಗ ಹೊಲಾ ಮಾಡ್ಯಾಳ" ಎಂದು ಹೇಳುತ್ತಿದ್ದಾಳೆ. ನಾನು "ಗಚ್ಚಿ ಮ್ಯಾಲ" ಎಂದು ಸೇರಿಸುತ್ತೇನೆ.

ಸೈಫ


ಪುಣೆ
1-8-1999

ಸೈಫ,

ನಾವು ಆರಾಮ ಇದ್ದೇವೆ. ಮಣ್ಣು ತೆಗೆದುಹಾಕಿದೆವು. ಬಳ್ಳಿ, ಗಿಡ ಏನೂ ಇಲ್ಲ. ಬೀಜ ಕಳಿಸಬೇಡಿ. ಇಂದುಬಾಯಿಗೆ ಮೈಯಲ್ಲಿ ನೆಟ್ಟಗಿಲ್ಲ, ಅವರ ಅಡಿಗೆಯನ್ನೂ ನಾನೇ ಮಾಡುತ್ತೇನೆ, ಅದಕ್ಕೆ ಬರೆಯಲಾಗುವುದಿಲ್ಲ. ಅಮ್ಮಾನಿಗೆ ಸಲಾಮ್ ಹೇಳು.

ಶಮಾ


ಬಾಲಗಾಂವ
9-8-1999

ಆಪಾ,

ಆರು ಸಾಲಿನ ಪತ್ರ. ಎಣಿಸಿದ್ದೇನೆ.

ಹೂವಿಗೆ ಬಂದ ಗಿಡವನ್ನು ಯಾರೂ ತಾವಾಗಿ ಕೀಳುವುದಿಲ್ಲ. ಜಾಹೀದ ಭಾಯಿಯ ಕೆಲಸ ಇದು. ಮಣ್ಣು ಹೊರುವಾಗಲೇ ಬೈಯುತ್ತಿದ್ದರು ಎಂದು ನೀನೇ ಬರೆದಿದ್ದೆ. ನಿನ್ನ ಒಂದು ಸಂತೋಷ ಅವರ ಕಣ್ಣಿಗೆ ಚುಚ್ಚಿತು. ನೀನು ಅವರ ತಪ್ಪನ್ನು ಮುಚ್ಚಿಡುತ್ತಿದ್ದೀಯ. ಹೊಡೆದರೇ? ಹೊಡೆದಿದ್ದರೆ ಹೊಡೆದರು ಎಂದು ಬರೆ. ನಾನೇ ಬಂದು ಅವರೆದುರು ನಿಂತು ಕೇಳುತ್ತೇನೆ. ನನಗೆ ಖರೆ ಬೇಕು. ಅದು ಎಷ್ಟು ಕೆಟ್ಟದ್ದಿದ್ದರೂ ಬರೆ.

ಸೈಫ


ಪುಣೆ
19-8-1999

ಸೈಫ,

ಅವರಿಗೆ ಅನ್ನಬೇಡ. ನಿನ್ನ ಪತ್ರವನ್ನು ಅವರೇ ನನಗಿಂತ ಮೊದಲು ಓದಿದರು. ಮಡಚಿ ಕೊಟ್ಟು ಕೆಲಸಕ್ಕೆ ಹೋದರು. ಅವರ ಮುಖ ನೋಡಿ ಇದನ್ನು ಬರೆಯುತ್ತಿದ್ದೇನೆ.

ನೀನು ಹೇಳಿದಂತೆ ಎರಡು ಬುಟ್ಟಿ ಹಾಕಿ ತುಳಿದೆ. ನಾಲ್ಕು ದಿನ ಹನಿ ನಿಂತಿತು. ಮತ್ತೆ ಸುರುವಾಯಿತು, ಮತ್ತೆ ಎರಡು ಬುಟ್ಟಿ. ಹಾಗೆ ಮೂರು ಸಲ. ನಮ್ಮೂರ ಮಣ್ಣು ನೀರನ್ನು ಜಾರಿಸಿ ಬಿಡುತ್ತದೆ. ಇದು ಗಿಡದ ಮಣ್ಣು, ತಿಂಗಳಿಡೀ ನೀರು ಕುಡಿದು ಕುಳಿತಿತ್ತು. ಕಾಲಿಟ್ಟರೆ ಹಿಟ್ಟಿನಂತೆ ಒಳಗೆ ಹೋಗುತ್ತಿತ್ತು. ನನಗೆ ಆಗಲೇ ತಿಳಿಯಬೇಕಿತ್ತು.

ಜುಲೈ ಹತ್ತೊಂಬತ್ತು, ಬೆಳಿಗ್ಗೆ ಎಂಟೂವರೆ. ಇಂದುಬಾಯಿ ಭಕ್ಕರಿ ಬಡಿಯುತ್ತಿದ್ದರು. ಬಡಿಯುವ ಸಪ್ಪಳ ಮೇಲೆ ನನಗೆ ಕೇಳುತ್ತಿತ್ತು. ಆಮೇಲೆ ಬೇರೆ ಸಪ್ಪಳ. ಸ್ಲ್ಯಾಬಿನ ತಳ ಒಂದು ಬಾಗಿಲಿನಷ್ಟು ಕಳಚಿ ಅವರ ಎಡಗಾಲ ಮೇಲೆ ಬಿತ್ತು. ಮೊಣಕಾಲ ಕೆಳಗೆ ಎಲುಬು ಎರಡು ಕಡೆ ಮುರಿದಿದೆ. ಒಲೆಯ ಮೇಲಿನ ಭಕ್ಕರಿ ಹೊತ್ತಿ ಉರಿಯುತ್ತಿತ್ತು. ನಾನು ಒಳಗೆ ಹೋದಾಗ ಅವರು ಮೊದಲು ಹೇಳಿದ್ದು, "ಪೋರಿ, ಮ್ಯಾಲ ನಿನಗೇನೂ ಆಗಿಲ್ಲಲ್ಲ?"

ಬೀದಿಯವರೆಲ್ಲ ಅವರನ್ನು ದವಾಖಾನೆಗೆ ಒಯ್ದರು. ನಾವು ಹೋಗಲಿಲ್ಲ. ಮಾಲಕ ಬರುವುದರೊಳಗೆ ಇವರೂ ನಾನೂ ಮಣ್ಣನ್ನೆಲ್ಲ ಚೀಲದಲ್ಲಿ ತುಂಬಿ ಹಿಂದಿನ ನಾಲೆಗೆ ಸುರಿದೆವು. ಒಂದೂವರೆ ತಿಂಗಳು ಹೊತ್ತದ್ದನ್ನು ಒಂದು ಹಗಲಿನಲ್ಲಿ ಇಳಿಸಿದೆವು. ಗಚ್ಚಿ ತೊಳೆದು ಏಳು ಡಬ್ಬಿ ಸಾಲಾಗಿ ಇಟ್ಟೆವು. ಮಾಲಕ ನೋಡಿದ, "ಹಳೇ ಸ್ಲ್ಯಾಬ್, ಮಳಿಗಿ ಹೋತು" ಎಂದ. ನಾವು ಗೋಣು ಹಾಕಿದೆವು.

ಖರೆ ಕೇಳಿದೆಯಲ್ಲ, ಇದು ಖರೆ.

ಶಮಾ


ಪುಣೆ
24-8-1999

ಸೈಫ,

ಮೊನ್ನೆ ಅವಸರದಲ್ಲಿ ಪತ್ರ ಹಾಕಿ ಬಂದೆ. ಬರೆಯಬೇಕಾದ ಮುಖ್ಯ ಮಾತನ್ನೇ ಬಿಟ್ಟೆ. ಇದು ಯಾರ ಕಿವಿಗೂ ಬೀಳಬಾರದು. ಅಮ್ಮಾನಿಗೂ ಬೇಡ. ಇಂದುಬಾಯಿಯ ಮಗ ನಾಸಿಕದಿಂದ ಬಂದು ಹೋದ, "ಮ್ಯಾಲಿನವರು ಏನಾರ ಮಾಡಿದ್ರ ಬಿಡೂದಿಲ್ಲ" ಎಂದ. ಇಂದುಬಾಯಿಯೇ ಅವನನ್ನು ಬೈದು ಕಳಿಸಿದರು. ತಿಳಿದರೆ ಆ ದಿನವೇ ನಮ್ಮ ಸಾಮಾನು ಬೀದಿಗೆ ಬೀಳುತ್ತದೆ. ನನಗೆ ಐದು ತಿಂಗಳು, ಸೈಫ. ಏಳು ತುಂಬಿದ ಮೇಲೆ ತಿಳಿಸೋಣವೆಂದಿದ್ದೆ. ಹದಿಮೂರನೆಯ ಮನೆಯ ಬಾಗಿಲು ತಟ್ಟುವ ಶಕ್ತಿ ಇವರಿಗಿಲ್ಲ.

ನೀನು ಏನೂ ಮಾಡಬೇಡ. ಅದೊಂದನ್ನು ಮಾಡು.

ಶಮಾ


ಬಾಲಗಾಂವ
26-8-1999

ಆಪಾ,

ನಿನ್ನ ಹತ್ತೊಂಬತ್ತರ ಪತ್ರ ನಿನ್ನೆ ಬಂತು. ಮಾಳಿಗೆಯ ಮೇಲೆ ಓದಿದೆ, ಆಮೇಲೆ ಅಲ್ಲಿ ಕುಳಿತಿರಲಾಗಲಿಲ್ಲ. ಜಾಹೀದ ಭಾಯಿಗೆ ನಾನು ಬರೆದದ್ದಕ್ಕೆ ಮಾಫಿ ಕೇಳಿದೆ ಎಂದು ಹೇಳು.

ನೀನು ಹೆದರಬೇಡ. ನಿನ್ನ ತಪ್ಪು ಏನೂ ಇಲ್ಲ. ಮಣ್ಣು ಹಾಕು ಎಂದವನು ನಾನು, ಸೋರಿದಾಗ ಇನ್ನೆರಡು ಬುಟ್ಟಿ ಎಂದವನೂ ನಾನು. ಅದನ್ನೇ ಇಂದುಬಾಯಿಗೆ ಬರೆದಿದ್ದೇನೆ. ಸಾಲಿಯಲ್ಲಿ ಕಲಿತ ಮರಾಠಿಯಲ್ಲಿ, ವಹಿಯ ಎರಡು ಹಾಳೆ ತುಂಬ. ಎಷ್ಟು ಚೀಲ ಮಣ್ಣು, ಎಷ್ಟು ದಿನ, ಎಲ್ಲ ಇದೆ. ಅಕ್ಕ, ಭಾವ ನನ್ನ ಮಾತು ಕೇಳಿದ್ದು ಬಿಟ್ಟರೆ ಏನೂ ಮಾಡಿಲ್ಲ, ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ, ನಿಮ್ಮ ಕಾಲು ನೆಟ್ಟಗಾಗುವವರೆಗೆ ನಿಮ್ಮ ಮನೆಯ ಕೆಲಸಕ್ಕೆ ಬಂದು ಇರುತ್ತೇನೆ ಎಂದಿದ್ದೇನೆ. ಇವತ್ತು ಬೆಳಿಗ್ಗೆ ಪೋಸ್ಟಿನ ಡಬ್ಬಿಗೆ ಹಾಕಿ ಬಂದೆ. ತಿಂಗಳ ಮೇಲೆ ನಿನ್ನೊಬ್ಬಳ ಮೇಲಿದ್ದ ಭಾರ ಇನ್ನು ಇಳಿಯುತ್ತದೆ.

ಸೈಫ


ಬಾಲಗಾಂವ
31-8-1999

ಆಪಾ,

ನಿನ್ನ ಇಪ್ಪತ್ನಾಲ್ಕರ ಪತ್ರ ಇವತ್ತು ಬೆಳಿಗ್ಗೆ ಬಂತು.

ಓಡಿ ಪೋಸ್ಟಿಗೆ ಹೋದೆ. ಐದು ದಿನವಾಗಿದೆ ಎಂದು ಗೊತ್ತಿದ್ದೂ ಹೋದೆ. ಟಪಾಲಿನ ಚೀಲ ಅಂದೇ ಹೋಗಿದೆ ಎಂದರು. ಸಿಕ್ಕ ಎಸ್ಟಿ ಬಸ್ಸು ಹಿಡಿದು ಜತ್ತಕ್ಕೆ ಹೋದೆ. ಅಲ್ಲಿಯ ಪೋಸ್ಟಿನವರ ಎದುರು ಅತ್ತುಬಿಟ್ಟೆ ಎಂದು ಬರೆಯಲು ನಾಚಿಕೆಯಿಲ್ಲ. "ತಮ್ಮಾ, ಡಬ್ಬ್ಯಾಗ ಬಿದ್ದ ಮ್ಯಾಲ ಅದು ನಿಂದಲ್ಲ, ಅದರ ಮ್ಯಾಲ ಹೆಸರ ಅದ ಅಲ್ಲ, ಅವರದು" ಎಂದರು. ಆಮೇಲೆ, "ಹುಡುಗಿಗಿ ಬರದಿದ್ದಿ ಏನು?" ಎಂದು ನಕ್ಕರು.

ನಿನಗೆ ಮಗು ಆಗುವುದು ನನಗೆ ಗೊತ್ತಿರಲಿಲ್ಲ.

ಪೋಸ್ಟಮನ್ ಬಂದಾಗ ನೀನು ಬಾಗಿಲಲ್ಲಿ ನಿಂತಿರು. ಸಿಕ್ಕರೆ ಒಲೆಗೆ ಹಾಕು. ಈ ಪತ್ರ ಅದಕ್ಕಿಂತ ಮೊದಲು ಮುಟ್ಟುವುದಿಲ್ಲ ಎಂದು ಗೊತ್ತು. ಆದರೂ ಬರೆಯುತ್ತಿದ್ದೇನೆ, ಬೇರೆ ಏನು ಮಾಡಲಿ?

ಸೈಫ


ಪುಣೆ
12-9-1999

ಸೈಫ,

ನಿನ್ನ ಪತ್ರ ಇಂದುಬಾಯಿಯ ಕೈಗೇ ಮುಟ್ಟಿತು. ಅವರು ಬಾಗಿಲ ಬಳಿ ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಕುಳಿತಿದ್ದರು. ಅವರಿಗೆ ಓದಲು ಬರುವುದಿಲ್ಲ. ಅದನ್ನು ನಿನಗೆ ಎಂದೂ ಬರೆದಿರಲಿಲ್ಲ, ಬರೆಯುವ ಮಾತು ಅದೆಂದು ಅನಿಸಿರಲಿಲ್ಲ. ಕೋಲಿನಿಂದ ಗೋಡೆ ಬಡಿದು ನನ್ನನ್ನು ಕರೆದರು. "ಪೋರಿ, ನಂಗ ಪತ್ರ ಬಂದದ! ಓದು, ಓದು."

ಮೊದಲ ಸಾಲಿನಲ್ಲೇ ಎಲ್ಲ ಇತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಓದಿದೆ: "ಇಂದುಬಾಯಿ ಆಜಿಗೆ ಸೈಫನ ನಮಸ್ಕಾರ. ನಿಮ್ಮ ಕಾಲಿನ ಸುದ್ದಿ ತಿಳಿದು ಕೆಟ್ಟೆನಿಸಿತು. ಲಗೂನ ಆರಾಮ ಆಗಲಿ." ಅಷ್ಟಕ್ಕೆ ನಿಲ್ಲಿಸಿದೆ.

"ಎರಡ ಹಾಳಿ ತುಂಬ ಬರದಾನ, ಇಷ್ಟ ಏನು?" ಎಂದರು.

ಮತ್ತೆ ಓದಿದೆ. ನಮ್ಮೂರ ಮಳೆ, ಆಡು, ಅಮ್ಮಾನ ಮಂಡಿನೋವು, ನೀನು ಹೊಟೇಲಿನಲ್ಲಿ ಹಾಲಿನ ಬಗ್ಗೆ ಹೇಳಿದ್ದು. ಕಣ್ಣು ನಿನ್ನ ಅಕ್ಷರದ ಮೇಲೆ, ತೊಂಬತ್ತು ಚೀಲ ಮಣ್ಣು ಎಂಬಲ್ಲಿ. ಹಾಲಿನ ಮಾತಿಗೆ ಅವರು ನಕ್ಕು ನಕ್ಕು ಕಾಲು ನೋಯಿಸಿಕೊಂಡರು. "ಖರೇ ಹುಡುಗ ಅದಾನ. ಇಂಥವರ ಪತ್ರ ಇಟ್ಟುಕೋಬೇಕು" ಎಂದು ನನ್ನ ಕೈಯಿಂದ ತೆಗೆದುಕೊಂಡು, ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿ ಇಟ್ಟರು. ದೀಪಾವಳಿಗೆ ಮಗ ಬಂದಾಗ ತೋರಿಸುತ್ತಾರಂತೆ. ಅವನು ಬ್ಯಾಂಕಿನಲ್ಲಿದ್ದಾನೆ, ಚೆನ್ನಾಗಿ ಓದುತ್ತಾನೆ.

ಟ್ರಂಕಿಗೆ ಬೀಗವಿಲ್ಲ. ಅವರ ಸೀರೆ ತೆಗೆದುಕೊಡಲು ದಿನಾ ನಾನೇ ತೆರೆಯುತ್ತೇನೆ. ಕದಿಯಬಹುದು. ಆದರೆ ನಡುನಡುವೆ "ತಗೀ, ಸೈಫಂದ ಮತ್ತ ಓದು" ಎನ್ನುತ್ತಾರೆ. ಮೊನ್ನೆ ಎರಡನೆಯ ಸಲ ಓದಿದೆ. ಅಮ್ಮಾನ ಮಂಡಿನೋವು ಮರೆತೆ. "ಮಂಡೀದು ಬಿಟ್ಟಿ" ಎಂದರು.

ನಿನಗೆ ಉತ್ತರ ಬರೆಸಿದ್ದಾರೆ. ಅವರು ಹೇಳಿದಂತೆಯೇ ಕೆಳಗೆ ಬರೆದಿದ್ದೇನೆ, ಒಂದಕ್ಷರ ಬದಲಿಸಿಲ್ಲ.

"ಸೈಫ, ನಿನ್ನ ಪತ್ರ ಮುಟ್ಟಿತು. ಕಾಲಿನ ಚಿಂತೆ ಮಾಡಬೇಡ. ಕಾಲು ನನ್ನದು, ಸ್ಲ್ಯಾಬು ಮಾಲಕನದು, ನಿನಗ್ಯಾಕೆ ನೋವು? ಸ್ವಂತ ಮಗ ಎರಡು ಸಾಲು ಬರೆಯುವುದಿಲ್ಲ, ನೀನು ಎರಡು ಹಾಳೆ ಬರೆದೆ. ನಿನ್ನ ಅಕ್ಕನನ್ನು ನಾನು ನೋಡಿಕೊಳ್ಳುತ್ತೇನೆ. ಬಾಣಂತನ ಇಲ್ಲೇ ಆಗಲಿ. ಮತ್ತೆ ಬರೆ."

ಶಮಾ


ಬಾಲಗಾಂವ
27-9-1999

ಆಪಾ,

ಎಂಟು ದಿನ ಯೋಚಿಸಿದೆ. ಅಬ್ಬಾ ತಾನಾಗಿ ಮಾತಾಡಿಸಿದ, "ಏನಾಗ್ಯದೋ ನಿನಗ, ಉಣವಲ್ಲಿ?" ಎಂದು. ಏನೂ ಇಲ್ಲ ಎಂದೆ. ಮೊದಲ ಸಲ ಹಾಗೆ ಹೇಳಿದೆ. ಅಬ್ಬಾ ನಂಬಿದ.

ಇಂದುಬಾಯಿಗೆ ಉತ್ತರ ಬರೆಯಲು ಕುಳಿತೆ. ಖರೆ ಬರೆದರೆ ನಿನ್ನ ಖೋಲಿ ಹೋಗುತ್ತದೆ. ಸುಳ್ಳು ಬರೆಯಲು ಮೂರು ಸಲ ನೋಡಿದೆ, ನನ್ನ ಕೈಗೆ ಬರುವುದಿಲ್ಲ. ಬರೆದದ್ದನ್ನು ಓದಿದರೆ ಯಾರಿಗಾದರೂ ಗೊತ್ತಾಗುತ್ತದೆ.

ಇದರ ಜೊತೆ ಎರಡು ಹಾಳೆ ಇಟ್ಟಿದ್ದೇನೆ. ಅದೇ ವಹಿಯವು, ಅದೇ ಶಾಯಿ. ಎರಡನೆಯದರ ಕೆಳಗೆ ಮರಾಠಿಯಲ್ಲಿ ನನ್ನ ಸಹಿ ಮಾಡಿದ್ದೇನೆ, ಉಳಿದದ್ದು ಖಾಲಿ ಇದೆ. ನೀನು ಅವರಿಗೆ ಏನೇನು ಓದಿದೆಯೋ ಅದನ್ನೆಲ್ಲ ಇದರಲ್ಲಿ ಬರೆ. ಅಮ್ಮಾನ ಮಂಡಿನೋವನ್ನೂ ಬರೆ. ಸೀರೆ ತೆಗೆಯುವಾಗ ಇದನ್ನು ಟ್ರಂಕಿನಲ್ಲಿಟ್ಟು, ಹಳೆಯದನ್ನು ಸುಟ್ಟುಬಿಡು.

ನಾನು ಬರೆದದ್ದು ಏನೆಂದು ಆಮೇಲೆ ನನಗೆ ತಿಳಿಸಬೇಡ.

ಸೈಫ